ಪ್ರತಿಭಟನೆಯ ಬಂದೋಬಸ್ತ್‌ನಲ್ಲಿ ಪೊಲೀಸರ ಗುರುತು

ಮೆರವಣಿಗೆ, ಧರಣಿ, ಬಂದ್‌ಗಳ ಬಂದೋಬಸ್ತ್‌ಗೆ ನಿಂತ ಪೊಲೀಸರ ಹೆಸರು, ಹುದ್ದೆ, ಪಡೆ ಯಾವುದೆಂಬುದು ಜನರಿಗೆ ಕಾಣುವಂತಿರಬೇಕೇ ಎಂಬ ಚರ್ಚೆಯ ಇತಿಹಾಸ. ಭಾರತದಲ್ಲಿ ಇದು ಎರಡು ದಾರಿಗಳಲ್ಲಿ ಬೆಳೆಯಿತು: ಕೇಂದ್ರ ಪಡೆಗಳ ಬಗ್ಗೆ ರಾಜ್ಯಗಳ ತಕರಾರು ಒಂದು, ಲಾಕಪ್ ಸಾವುಗಳ ವಿರುದ್ಧದ ಹೋರಾಟ ಇನ್ನೊಂದು.

ವಿಜಯಪುರ ಜಿಲ್ಲೆಯಲ್ಲಿ ಪ್ರತಿಭಟನೆಗಳ ಕೇಂದ್ರ ಜಿಲ್ಲಾಧಿಕಾರಿ ಕಚೇರಿ. ತಿಕೋಟಾ ತಾಲ್ಲೂಕಿನ ಹೊನವಾಡದ ರೈತರ ಜಮೀನಿನ ವಕ್ಫ್ ವಿವಾದ ಎದ್ದಾಗ, 2024ರ ನವೆಂಬರ್‌ನಲ್ಲಿ ಅಹೋರಾತ್ರಿ ಧರಣಿ ನಡೆದದ್ದು ಅಲ್ಲಿಯೇ. ಇಂಥ ಕಡೆ ತಿಕೋಟಾ, ಬಬಲೇಶ್ವರದಂಥ ಊರಿನ ಠಾಣೆಯವರು ನಿಂತರೆ ಜನ ಮುಖ ನೋಡಿಯೇ ಹೆಸರು ಹೇಳುತ್ತಾರೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆ (ಡಿಎಆರ್), ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ತುಕಡಿಗಳು ಬಂದರೆ ಆ ಪರಿಚಯ ಇರುವುದಿಲ್ಲ. ಚುನಾವಣೆಯ ಹೊತ್ತಿಗೆ ಪಥಸಂಚಲನ ಮಾಡುವ ಕೇಂದ್ರ ಪಡೆಯವರ ಭಾಷೆಯೂ ಬೇರೆ. ಖಾಕಿ ಅಂಗಿಯ ಬಲಜೇಬಿನ ಮೇಲೆ ಹೆಸರಿನ ಪಟ್ಟಿ ಇರುತ್ತದೆ ನಿಜ. ಆದರೆ ಗಲಾಟೆಯ ಸೂಚನೆ ಸಿಕ್ಕೊಡನೆ ಎದೆಗವಚ ತೊಟ್ಟರೆ ಪಟ್ಟಿ ಅದರಡಿಗೆ ಹೋಗುತ್ತದೆ, ಹೆಲ್ಮೆಟ್ಟಿನ ಗಾಜು ಇಳಿದರೆ ಮುಖವೂ ಮರೆಯಾಗುತ್ತದೆ. ಹೆಸರು ಹೆಚ್ಚು ಬೇಕಾಗುವ ಗಳಿಗೆಯಲ್ಲೇ ಅದು ಕಾಣದಂತಾಗುತ್ತದೆ.

ಪೊಲೀಸರಿಗೆ ಸಂಖ್ಯೆ ಕೊಡುವ ಪದ್ಧತಿ ಹಳೆಯದು. 1829ರಲ್ಲಿ ಹುಟ್ಟಿದ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರ ಕೊರಳಪಟ್ಟಿಯ ಮೇಲೆ ನಂಬರ್ ಇತ್ತು. ಬ್ರಿಟಿಷರ ಆಡಳಿತದೊಂದಿಗೆ ಆ ಕ್ರಮ ಇಲ್ಲಿಗೂ ಬಂತು. ಬಿಜಾಪುರ (ಈಗಿನ ವಿಜಯಪುರ) ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. 1890ರ ಮುಂಬಯಿ ಜಿಲ್ಲಾ ಪೊಲೀಸ್ ಕಾಯ್ದೆ ಇಲ್ಲಿ ನಡೆಯುತ್ತಿತ್ತು. ಏಕೀಕರಣದ ನಂತರ ಬಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಇಂದಿಗೂ ಎಫ್‌ಐಆರ್, ಪಂಚನಾಮೆಗಳಲ್ಲಿ ಪೇದೆಯ ಹೆಸರಿನ ಜೊತೆ ‘ಸಿಪಿಸಿ’ (ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್) ಸಂಖ್ಯೆ ಬರೆಯುವುದು ರೂಢಿ.

ಸಂವಿಧಾನದ ಪ್ರಕಾರ ಪೊಲೀಸ್ ಮತ್ತು ಸಾರ್ವಜನಿಕ ಶಾಂತಿ ರಾಜ್ಯಗಳ ವಿಷಯ. ಆದರೆ 1939ರಲ್ಲಿ ನೀಮಚ್‌ನಲ್ಲಿ ಹುಟ್ಟಿ, 1949ರ ಕಾಯ್ದೆಯಿಂದ ಹೊಸ ಹೆಸರು ಪಡೆದ ಸಿಆರ್‌ಪಿಎಫ್ ಕೇಂದ್ರದ ಕೈಯಲ್ಲಿತ್ತು. 1968ರ ಸೆಪ್ಟೆಂಬರ್ 19ರಂದು ಕೇಂದ್ರ ನೌಕರರ ಮುಷ್ಕರ ನಡೆದಾಗ, ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರವನ್ನು ಕೇಳದೆ ಕೇಂದ್ರವು ಕೇರಳಕ್ಕೆ ಈ ಪಡೆಯನ್ನು ಕಳುಹಿಸಿತು. ಬೀದಿಗಿಳಿದ ಪಡೆ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ದೇಶದ ಮುಂದೆ ಬಂದದ್ದು ಆಗ. ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಕೇಂದ್ರದ ಪರ ತೀರ್ಮಾನಿಸಿತು: ರಾಜ್ಯಗಳಿಗೆ ಪಡೆ ಕಳುಹಿಸುವ ಅಧಿಕಾರ ಕೊಡಲು ಕೇಂದ್ರ ಪಟ್ಟಿಗೆ 2ಎ ನಮೂದನ್ನೂ ಸಂವಿಧಾನಕ್ಕೆ 257ಎ ವಿಧಿಯನ್ನೂ ಸೇರಿಸಿತು. 44ನೇ ತಿದ್ದುಪಡಿಯಲ್ಲಿ 257ಎ ರದ್ದಾಯಿತು, 2ಎ ಉಳಿಯಿತು. ಗಲಭೆ ನಿಯಂತ್ರಣಕ್ಕೆಂದೇ ಸಿಆರ್‌ಪಿಎಫ್‌ನಲ್ಲಿ ಕಟ್ಟಿದ ಕ್ಷಿಪ್ರ ಕಾರ್ಯಪಡೆ 1992ರಲ್ಲಿ ಕೆಲಸ ಆರಂಭಿಸಿತು; 2021ರಲ್ಲಿ ಭದ್ರಾವತಿಯಲ್ಲಿ ಅದರ ಒಂದು ಬೆಟಾಲಿಯನ್ ನೆಲೆಗೆ ಶಂಕುಸ್ಥಾಪನೆಯಾಯಿತು.

ಹೆಸರಿನ ವಿಷಯ ಕಾನೂನಾದದ್ದು ಒಂದು ಪತ್ರದಿಂದ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು 1986ರ ಆಗಸ್ಟ್‌ನಲ್ಲಿ ಲಾಕಪ್ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದರು. ಸುಪ್ರೀಂ ಕೋರ್ಟ್ ಅದನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿ, 1996ರ ಡಿಸೆಂಬರ್ 18ರಂದು ತೀರ್ಪಿತ್ತಿತು. ಬಂಧಿಸುವ ಪೊಲೀಸರು ಸ್ಪಷ್ಟವಾಗಿ ಕಾಣುವ ಹೆಸರು, ಹುದ್ದೆಯ ಪಟ್ಟಿ ಧರಿಸಬೇಕು, ಈ ನಿಯಮಗಳನ್ನು ಪ್ರತಿ ಠಾಣೆಯಲ್ಲೂ ತೂಗುಹಾಕಬೇಕು ಎಂದಿತು. 2010ರ ನವೆಂಬರ್ 1ರಿಂದ ಹೆಸರಿನ ನಿಯಮ ದಂಡ ಪ್ರಕ್ರಿಯಾ ಸಂಹಿತೆಯ 41ಬಿ ಕಲಮಾಯಿತು. ಈಗ ಅದು ಆ ಸಂಹಿತೆಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮು.

ಕೊರತೆಯೂ ಇಲ್ಲಿಯೇ ಇದೆ. ಈ ಕಲಮು ಬಂಧನದ ಮಾತಾಡುತ್ತದೆ. ಲಾಠಿ ಬೀಸುವಾಗ, ಗುಂಡು ಹಾರಿಸುವಾಗ ಹೆಸರು ಕಾಣಬೇಕೆಂದು ಹೇಳುವುದಿಲ್ಲ. 2014ರ ಜುಲೈನಲ್ಲಿ ಇದೇ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿ ವಿದ್ಯುತ್ ಸ್ಥಾವರ ವಿರೋಧಿಸಿದ ರೈತರ ಮೇಲೆ ಗುಂಡು ಹಾರಿತು. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಸತ್ತರು. 2024ರ ಡಿಸೆಂಬರ್ 10ರಂದು ಬೆಳಗಾವಿಯಲ್ಲಿ ಪಂಚಮಸಾಲಿ ಹೋರಾಟಗಾರರ ಮೇಲೆ ಲಾಠಿ ಪ್ರಹಾರವಾಯಿತು. ಗುಂಪು ಚದುರಿಸಿದ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು. ಯಾರ ವಿರುದ್ಧ ಎಂದು ಹೇಳಲಾಗದವನು ಅನುಮತಿ ಕೇಳುವುದಾದರೂ ಹೇಗೆ? ಪೊಲೀಸರ ಮನೆಯವರಿಗೆ ಬೆದರಿಕೆ ಬರಬಹುದೆಂಬ ಆತಂಕ ನಿಜವಾದದ್ದು. ಅದಕ್ಕೆ ಹೆಸರಿನ ಬದಲು ಎದೆಗವಚದ ಮೇಲೆ ದೊಡ್ಡ ಅಕ್ಷರದ ಸಂಖ್ಯೆ ಸಾಕು.

ಅಮೆರಿಕದಲ್ಲಿ ಈ ಚರ್ಚೆ ಕಾವೇರಿದ್ದು 2020ರಲ್ಲಿ. ಪೋರ್ಟ್‌ಲ್ಯಾಂಡ್ ನಗರದಲ್ಲಿ ಕೇಂದ್ರದ ಅಧಿಕಾರಿಗಳು ಹೆಸರಿಲ್ಲದ ಸಮವಸ್ತ್ರದಲ್ಲಿ, ಗುರುತಿಲ್ಲದ ವಾಹನಗಳಲ್ಲಿ ಪ್ರತಿಭಟನಕಾರರನ್ನು ಹಿಡಿದೊಯ್ದರು. 2021ರ ಜನವರಿಯಲ್ಲಿ ಅಲ್ಲಿನ ಸಂಸತ್ತು, ನಾಗರಿಕ ಗಲಭೆಗೆ ಹೋಗುವ ಕೇಂದ್ರ ಸಿಬ್ಬಂದಿ ತಮ್ಮ ಹೆಸರು ಅಥವಾ ಸಂಖ್ಯೆಯನ್ನೂ ಇಲಾಖೆಯ ಹೆಸರನ್ನೂ ತೋರಿಸಬೇಕೆಂಬ ಕಾನೂನು ತಂದಿತು. ನಮ್ಮಲ್ಲಿ ಇಲ್ಲದ್ದು ಅಂಥ ಕಲಮು.

ನಮ್ಮ ಹೊಸ ನಾಗರಿಕ ಸುರಕ್ಷಾ ಸಂಹಿತೆ ಒಂದು ಹೆಜ್ಜೆ ಹಿಂದೆಯೂ ಸರಿದಿದೆ. ಹಳೆಯ 41ಸಿ ಕಲಮಿನಂತೆ ಜಿಲ್ಲಾ ಕಂಟ್ರೋಲ್ ರೂಮಿನ ಹೊರಗಿನ ನೋಟಿಸ್ ಬೋರ್ಡಿನಲ್ಲಿ ಬಂಧಿತರ ಹೆಸರಿನ ಜೊತೆ, ಬಂಧಿಸಿದ ಪೊಲೀಸರ ಹೆಸರು, ಹುದ್ದೆಯನ್ನೂ ಹಾಕಬೇಕಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ 37ನೇ ಕಲಮಿನಲ್ಲಿ ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪ ಇವೆ, ಬಂಧಿಸಿದವರ ಹೆಸರಿಲ್ಲ.