ತೇಲುವುದು ಒಂದು ಪ್ರಶ್ನೆ, ಮಗುಚದಿರುವುದು ಇನ್ನೊಂದು

ಆರ್ಕಿಮಿಡೀಸ್ ಎಂದೊಡನೆ ನೆನಪಾಗುವುದು ಸ್ನಾನದ ತೊಟ್ಟಿ ಮತ್ತು ಚಿನ್ನದ ಕಿರೀಟ. ಆ ಕಥೆಯನ್ನು ಬರೆದಿಟ್ಟವನು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ಅದೂ ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ಆರ್ಕಿಮಿಡೀಸನೇ ರಚಿಸಿದ ‘ತೇಲುವ ಕಾಯಗಳು’ ಗ್ರಂಥದಲ್ಲಿ ಕಿರೀಟದ ಸುದ್ದಿಯೇ ಇಲ್ಲ. ಅದರ ಮೊದಲ ಭಾಗದಲ್ಲಿ ನಾವು ಶಾಲೆಯಲ್ಲಿ ಕಲಿತ ತತ್ವವಿದೆ: ದ್ರವದಲ್ಲಿ ಮುಳುಗಿದ ವಸ್ತು, ತಾನು ಸರಿಸಿದ ದ್ರವದ ತೂಕದಷ್ಟು ಹಗುರಾಗುತ್ತದೆ. ಹೆಚ್ಚಿನವರು ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ. ಎರಡನೆಯ ಭಾಗದಲ್ಲಿ ಆತ ಪ್ಯಾರಾಬೊಲಾಯ್ಡ್ ಎಂಬ ಬಟ್ಟಲಿನಾಕಾರದ ಘನವನ್ನು ನೀರಿಗೆ ಬಿಟ್ಟು, ಓರೆ ಮಾಡಿದರೆ ಅದು ಮತ್ತೆ ನೆಟ್ಟಗಾಗುವುದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾನೆ. ಈ ಶಾಸ್ತ್ರದ ಬೆನ್ನುಮೂಳೆ ಈ ಎರಡನೆಯ ಪ್ರಶ್ನೆಯೇ ಎಂಬುದು ನನ್ನ ನಂಬಿಕೆ. ಅದನ್ನು ಮರೆತದ್ದಕ್ಕೆ ಮನುಷ್ಯರು ಪ್ರಾಣ ತೆತ್ತಿದ್ದಾರೆ.

ಗ್ರಂಥದ ಕಥೆಯೂ ದೊಡ್ಡದು. ಗ್ರೀಕ್ ಮೂಲ ಕಣ್ಮರೆಯಾಗಿ, 1269ರ ಲ್ಯಾಟಿನ್ ಅನುವಾದವೊಂದೇ ಶತಮಾನಗಳ ಕಾಲ ಆಧಾರವಾಗಿತ್ತು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್, ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಪ್ರಾರ್ಥನಾ ಪುಸ್ತಕವೊಂದರಲ್ಲಿ, ಕೆರೆದು ಅಳಿಸಿದ್ದ ಹಳೆಯ ಅಕ್ಷರಗಳ ನಡುವೆ ಗ್ರೀಕ್ ಪಾಠವನ್ನು ಗುರುತಿಸಿದ.

ಮೊದಲ ಪ್ರಶ್ನೆಯ ದಾರಿ ಬಹುಮಟ್ಟಿಗೆ ನೇರ. 1121ರಲ್ಲಿ ಮರ್ವ್ ಪಟ್ಟಣದ ಅಲ್-ಖಾಜಿನಿ, ಲೋಹ ಮತ್ತು ರತ್ನಗಳನ್ನು ನೀರಿನಲ್ಲಿ ತೂಗಿ ಪರೀಕ್ಷಿಸುವ ಬಗೆಯನ್ನು ವಿವರವಾಗಿ ಬರೆದ. ಗಾಳಿಯೂ ವಸ್ತುವನ್ನು ಮೇಲಕ್ಕೆ ಒತ್ತುತ್ತದೆ ಎಂದ. 1586ರಲ್ಲಿ ಸೈಮನ್ ಸ್ಟೆವಿನ್, ಪಾತ್ರೆ ಯಾವ ಆಕಾರದ್ದಾದರೂ ತಳದ ಒತ್ತಡ ನಿಂತಿರುವುದು ಆಳದ ಮೇಲೆ ಎಂದು ತೋರಿಸಿದ. ಆಳಕ್ಕಿಳಿದಷ್ಟೂ ಒತ್ತಡ ಹೆಚ್ಚುವುದರಿಂದ, ಮುಳುಗಿದ ವಸ್ತುವಿನ ಅಡಿಯ ಒತ್ತು ನೆತ್ತಿಯ ಒತ್ತನ್ನು ಮೀರುತ್ತದೆ. ಪ್ಲವನ ಬಲವೆಂದರೆ ಈ ವ್ಯತ್ಯಾಸವೇ.

ನಮ್ಮೂರ ಹಾಲಿನ ಡೇರಿಗಳ ಲ್ಯಾಕ್ಟೋಮೀಟರ್ ಈ ತತ್ವದ ಕೂಸು. ಹಾಲಿಗೆ ನೀರು ಬೆರೆಸಿದರೆ ಸಾಂದ್ರತೆ ಇಳಿದು ಗಾಜಿನ ಕೊಳವೆ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ. ಎರಡನ್ನೂ ಅಳತೆ ನೋಡಿ ಮಾಡಿದವನ ಹಾಲು ಈ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು; ಆದ್ದರಿಂದಲೇ ಕೊಬ್ಬಿನ ಅಂಶವನ್ನೂ ಬೇರೆಯಾಗಿ ಅಳೆಯಬೇಕಾಗುತ್ತದೆ. ಆ ಕೊಳವೆಯ ಬುಡದ ಬುರುಡೆಯನ್ನು ಒಮ್ಮೆ ನೋಡಿ. ಅದರಲ್ಲಿ ತೂಕಕ್ಕೆಂದು ಸಣ್ಣ ಗುಂಡುಗಳಿರುತ್ತವೆ. ಅವಿಲ್ಲದಿದ್ದರೆ ಕೊಳವೆ ತೇಲುತ್ತಿತ್ತು, ಆದರೆ ಅಡ್ಡಬಿದ್ದು ತೇಲುತ್ತಿತ್ತು.

ಹಡಗಿನಲ್ಲಿ ಭಾರವನ್ನೆಲ್ಲ ಹೀಗೆ ಬುಡಕ್ಕೆ ತಳ್ಳಲಾಗದು. ಕಂಬ, ಹಾಯಿ, ಫಿರಂಗಿ ಎಲ್ಲ ಮೇಲೆಯೇ ಇರಬೇಕು. ಸ್ವೀಡನ್ನಿನ ‘ವಾಸಾ’ ಯುದ್ಧನೌಕೆಗೆ ಫಿರಂಗಿಗಳ ಎರಡು ಅಂತಸ್ತುಗಳಿದ್ದವು. ಹೊರಡುವ ಮೊದಲು ಮೂವತ್ತು ನಾವಿಕರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ನೋಡಿದರು. ಹಡಗು ಎಷ್ಟು ಹೊಯ್ದಾಡಿತೆಂದರೆ ಮೂರೇ ಓಟಕ್ಕೆ ಪರೀಕ್ಷೆ ನಿಲ್ಲಿಸಬೇಕಾಯಿತು. ಆದರೂ 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಿಂದ ಅದನ್ನು ಹೊರಡಿಸಿದರು. ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ತೆರೆದಿದ್ದ ಕೆಳಗಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ವಿಚಾರಣೆ ನಡೆದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಹಡಗಿನ ಸ್ಥಿರತೆಯನ್ನು ಮುಂಚಿತವಾಗಿ ಲೆಕ್ಕ ಹಾಕುವ ವಿಧಾನವೇ ಆಗ ಕಟ್ಟುವವರ ಕೈಯಲ್ಲಿರಲಿಲ್ಲ.

ಆ ವಿಧಾನ ಕೊಟ್ಟವನು ಫ್ರಾನ್ಸಿನ ಪಿಯರ್ ಬುಗೇರ್. ಭೂಮಿಯ ಆಕಾರ ಅಳೆಯಲೆಂದು ದಕ್ಷಿಣ ಅಮೆರಿಕಕ್ಕೆ ಹೋಗಿದ್ದ ಆತ, ಸಮುದ್ರದಿಂದ ದೂರದ ಆಂಡಿಸ್ ಬೆಟ್ಟಗಳಲ್ಲಿದ್ದಾಗಲೂ ಹಡಗಿನ ಶಾಸ್ತ್ರವನ್ನು ಬರೆಯುತ್ತಿದ್ದ. ಗ್ರಂಥ 1746ರಲ್ಲಿ ಹೊರಬಂತು. ಹಡಗು ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗುತ್ತದೆ, ಹಾಗಾಗಿ ಪ್ಲವನ ಬಲದ ಕೇಂದ್ರ ವಾಲಿದ ಕಡೆಗೆ ಸರಿಯುತ್ತದೆ. ಆ ಹೊಸ ಕೇಂದ್ರದಿಂದ ನೇರ ಮೇಲಕ್ಕೆ ಎಳೆದ ಗೆರೆ ಹಡಗಿನ ನಡುಗೆರೆಯನ್ನು ಕೂಡುವ ಬಿಂದುವಿಗೆ ಆತ ಮೆಟಾಸೆಂಟರ್ ಎಂದ. ಅದು ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ಹಡಗು ನೆಟ್ಟಗಾಗುತ್ತದೆ, ಕೆಳಗಿದ್ದರೆ ಮಗುಚುತ್ತದೆ. ಗುರುತ್ವ ಕೇಂದ್ರ ನೀರಿನ ಮಟ್ಟಕ್ಕಿಂತ ಮೇಲಿದ್ದೂ ಹಡಗು ಕ್ಷೇಮವಾಗಿರಬಲ್ಲದು ಎಂಬುದು ಇದರಿಂದ ತಿಳಿಯಿತು. 1749ರಲ್ಲಿ ಗಣಿತಜ್ಞ ಆಯ್ಲರ್‌ನ ಗ್ರಂಥವೂ ಪ್ರಕಟವಾಯಿತು. ಆತ ಬೇರೆ ದಾರಿಯಲ್ಲಿ ಸ್ಥಿರತೆಯ ಲೆಕ್ಕಕ್ಕೆ ತಲುಪಿದ್ದ.

ಆದರೆ ಈ ಬಿಂದುವಿನ ಭರವಸೆ ಸಣ್ಣ ವಾಲಿಕೆಗಷ್ಟೇ ಸಲ್ಲುತ್ತದೆ. 1790ರ ದಶಕದಲ್ಲೇ ಜಾರ್ಜ್ ಅಟ್‌ವುಡ್ ಇದನ್ನು ಎತ್ತಿ ಹೇಳಿದ್ದ. ಅದರ ತೂಕ ಲೋಕಕ್ಕೆ ಅರಿವಾದದ್ದು 1870ರ ಸೆಪ್ಟೆಂಬರ್ 7ರಂದು. ಬ್ರಿಟನ್ನಿನ ‘ಕ್ಯಾಪ್ಟನ್’ ಎಂಬ ಹೊಸ ಯುದ್ಧನೌಕೆ ಅಂದು ಸ್ಪೇನಿನ ಫಿನಿಸ್ಟರ್ ಭೂಶಿರದ ಬಳಿ ಮಗುಚಿ, ವಿನ್ಯಾಸಕಾರ ಕೌಪರ್ ಕೋಲ್ಸ್ ಸೇರಿ ಸುಮಾರು 480 ಮಂದಿ ಸತ್ತರು. ನೀರಿನಿಂದ ಮೇಲೆ ಕಾಣುವ ಅದರ ಒಡಲು ತೀರ ತಗ್ಗಾಗಿತ್ತು. ಸ್ವಲ್ಪ ವಾಲಿದರೆ ಸಾಕು, ಅಟ್ಟದ ಅಂಚು ನೀರಿಗಿಳಿಯುತ್ತಿತ್ತು. ಸುಮಾರು 21 ಡಿಗ್ರಿ ದಾಟಿದರೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತಿತ್ತು. ಒಡಲು ಎತ್ತರವಿದ್ದ ‘ಮೊನಾರ್ಕ್’ ಅದೇ ಬಿರುಗಾಳಿಯಲ್ಲಿ ಪಾರಾಯಿತು. ವಾಲಿಕೆಯ ಪ್ರತಿ ಕೋನಕ್ಕೂ ಲೆಕ್ಕ ಹಾಕಿ ರೇಖಾಚಿತ್ರ ಬರೆಯುವ ಪದ್ಧತಿ ಇದಾದ ಮೇಲೆ ಗಟ್ಟಿಯಾಯಿತು.

ಇಷ್ಟರ ನಡುವೆ ತತ್ವ ಗಾಳಿಗೂ ಹತ್ತಿತು: 1783ರಲ್ಲಿ ಬಲೂನುಗಳು ಮನುಷ್ಯರನ್ನು ಹೊತ್ತು ಹಾರಿದವು. ಇಂದು ಆರ್ಗೋ ಯೋಜನೆಯ ಸಾವಿರಾರು ತೇಲುಯಂತ್ರಗಳು ಹೊರಚೀಲಕ್ಕೆ ಎಣ್ಣೆ ತುಂಬಿ, ಮತ್ತೆ ಒಳಗೆಳೆದುಕೊಂಡು ತಮ್ಮ ಗಾತ್ರವನ್ನೇ ಬದಲಿಸುತ್ತ, 2,000 ಮೀಟರ್ ಆಳದವರೆಗೆ ಇಳಿದು ಏರಿ ಸಮುದ್ರದ ಉಷ್ಣತೆ ಮತ್ತು ಲವಣಾಂಶ ಅಳೆಯುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಈ ಕೆಲಸದಲ್ಲಿ ಭಾರತದ ಪಾಲನ್ನು ನಡೆಸುತ್ತದೆ.

ಗಣಿತಜ್ಞರು ಆರ್ಕಿಮಿಡೀಸನ ಎರಡನೆಯ ಭಾಗವನ್ನು ಬಿಟ್ಟುಕೊಟ್ಟಿಲ್ಲ. 1930ರ ದಶಕದಲ್ಲಿ ಆಗಿನ ಪೋಲೆಂಡಿನ ಲ್ವಿವ್ ನಗರದ ಗಣಿತಜ್ಞರು ‘ಸ್ಕಾಟಿಷ್ ಕೆಫೆ’ಯಲ್ಲಿಟ್ಟ ನೋಟ್‌ಬುಕ್ಕಿನಲ್ಲಿ ತಮ್ಮ ಸಮಸ್ಯೆಗಳನ್ನು ಬರೆಯುತ್ತಿದ್ದರು. ಅದರ 19ನೆಯದು ಸ್ಟಾನಿಸ್ಲಾವ್ ಉಲಾಮ್ ಕೇಳಿದ್ದು: ಹೇಗೆ ತಿರುಗಿಸಿ ನೀರಿಗೆ ಬಿಟ್ಟರೂ ಹಾಗೆಯೇ ಸಮತೋಲದಲ್ಲಿ ತೇಲುವ, ಒಂದೇ ಸಾಂದ್ರತೆಯ ಘನ ಗೋಳವೊಂದೇ ಏನು? ಅಲ್ಲ ಎಂಬ ಉತ್ತರವನ್ನು 2022ರಲ್ಲಿ ಪ್ರಕಟಿಸಿದವರು ದ್ಮಿತ್ರಿ ರ್ಯಾಬೊಗಿನ್. ಸಾಂದ್ರತೆ ನೀರಿನ ಸರಿಯಾಗಿ ಅರ್ಧದಷ್ಟಿದ್ದಾಗ ಗೋಳವಲ್ಲದ ಅಂಥ ಘನವೂ ಇದೆ ಎಂದು ಅವರು ಸಾಧಿಸಿದರು. ಬೇರೆ ಸಾಂದ್ರತೆಗಳ ಮಾತನ್ನು ಆ ಸಾಧನೆ ಮುಟ್ಟುವುದಿಲ್ಲ.