ಸದ್ದನ್ನು ಕೇಳಿಸಿಕೊಂಡವರು

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಕಿಟಕಿಗಳು ಅದುರಿದ ಸುದ್ದಿ ಹೊರನಾಡಿನಲ್ಲಿದ್ದ ನಮಗೆ ಮುಟ್ಟಿದ್ದು ಊರಿನಿಂದ ಬಂದ ಫೋನ್ ಕರೆಗಳಿಂದ. ಭೂಕಂಪವೋ, ಸ್ಫೋಟವೋ ಎಂಬ ಗಾಬರಿ ಇಳಿದದ್ದು, ಅದು ವಾಯುಪಡೆಯ ಪರೀಕ್ಷಾ ವಿಮಾನವೊಂದು ನಗರದಾಚೆ 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಾತೀತ ವೇಗವನ್ನು ತಗ್ಗಿಸುತ್ತಿದ್ದಾಗ ಹುಟ್ಟಿದ ಸದ್ದೆಂದು ರಕ್ಷಣಾ ಇಲಾಖೆ ತಿಳಿಸಿದ ಮೇಲೆಯೇ. ಒಂದೇ ಸದ್ದಿಗೆ ಇಷ್ಟು ಗಾಬರಿ. ದಿನಕ್ಕೆ ಎಂಟರಂತೆ ಆರು ತಿಂಗಳು ಇಂಥ ಸದ್ದನ್ನು ಕೇಳಿದ ಊರೊಂದಿದೆ: ಅಮೆರಿಕದ ಒಕ್ಲಹಾಮಾ ಸಿಟಿ.

ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನ ಕಟ್ಟಲು ಹೊರಟಿದ್ದ ಅಲ್ಲಿನ ಸರ್ಕಾರಕ್ಕೆ, ಜನ ಎಷ್ಟನ್ನು ಸಹಿಸಿಯಾರು ಎಂಬುದು ಗೊತ್ತಾಗಬೇಕಿತ್ತು. 1964ರ ಫೆಬ್ರವರಿ 3ರಿಂದ ವಾಯುಪಡೆಯ ವಿಮಾನಗಳು ಬೆಳಗಿನ ಏಳು ಗಂಟೆಗೇ ಕೆಲಸ ಶುರುಮಾಡುತ್ತಿದ್ದವು. ಒಟ್ಟು 1,253 ಸದ್ದುಗಳು. ಮೊದಲ ಹದಿನಾಲ್ಕು ವಾರಗಳಲ್ಲೇ ನಗರದ ಎರಡು ಅತಿ ಎತ್ತರದ ಕಟ್ಟಡಗಳ 147 ಕಿಟಕಿಗಳು ಒಡೆದವು. ಕೊನೆಗೆ ನಡೆದ ಸಮೀಕ್ಷೆಯಲ್ಲಿ ಶೇಕಡಾ 27ರಷ್ಟು ಮಂದಿ ಇದರೊಡನೆ ಬದುಕಲಾರೆವೆಂದರು. ಉಳಿದವರು ಒಪ್ಪಿದರೆಂದು ಓದಿಕೊಳ್ಳುವವರಿದ್ದಾರೆ. ನಾಲ್ವರಲ್ಲೊಬ್ಬರು ನಿದ್ದೆಗೆಟ್ಟರೆಂದು ನಾವು ಓದುತ್ತೇವೆ. ಪರಿಹಾರ ಕೋರಿದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು. ಕಡತಗಳ ನಡುವೆಯೇ ಕಾಲ ಕಳೆಯುವ ನಮಗೆ ಆ ತಿರಸ್ಕಾರದ ಒಕ್ಕಣೆಯನ್ನು ಊಹಿಸುವುದು ಕಷ್ಟವಲ್ಲ. ಜನ ನ್ಯಾಯಾಲಯಕ್ಕೆ ಹೋದರು. 1969ರಲ್ಲಿ ಮೇಲ್ಮನವಿಯಲ್ಲೂ ಸರ್ಕಾರ ಸೋತಿತು.

1971ರಲ್ಲಿ ಆ ವಿಮಾನಯೋಜನೆಗೆ ಹಣ ನಿಂತಿತು. 1973ರಲ್ಲಿ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನೇ ಅಮೆರಿಕ ನಿಷೇಧಿಸಿತು. ಭಾರತವೂ ತನ್ನ ನೆಲದ ಮೇಲೆ ಕಾನ್ಕಾರ್ಡ್‌ಗೆ ಆ ವೇಗವನ್ನು ಬಿಟ್ಟುಕೊಡಲಿಲ್ಲ.

ಶಬ್ದದ ವೇಗವನ್ನು ದಾಟುವ ಕ್ಷಣದಲ್ಲಿ ಮಾತ್ರ ಈ ಸದ್ದು ಹುಟ್ಟುತ್ತದೆಂಬ ನಂಬಿಕೆ ಸರಿಯಲ್ಲ. ವಿಮಾನ ಆ ವೇಗದಲ್ಲಿರುವಷ್ಟು ಹೊತ್ತೂ, ದೋಣಿಯ ಹಿಂದಿನ ಅಲೆಯಂತೆ, ಸದ್ದು ನೆಲವನ್ನು ಸವರುತ್ತ ಸಾಗುತ್ತದೆ. ಮೂತಿ, ರೆಕ್ಕೆ, ಬಾಲಗಳಿಂದ ಹೊರಟ ಆಘಾತ ತರಂಗಗಳು ಕೆಳಗಿಳಿಯುವಾಗ ಒಂದರೊಳಗೊಂದು ಬೆರೆತು ಎರಡು ಹೊಡೆತಗಳಾಗುತ್ತವೆ. ಅವು ಬೆರೆಯದಂತೆ ವಿಮಾನದ ಆಕಾರವನ್ನೇ ತಿದ್ದಬಹುದೆಂದು ಸೀಬಾಸ್ ಮತ್ತು ಜಾರ್ಜ್ ಎಂಬ ವಿದ್ವಾಂಸರು ಆ ನಿಷೇಧದ ಆಸುಪಾಸಿನಲ್ಲೇ ಲೆಕ್ಕಹಾಕಿ ತೋರಿಸಿದ್ದರು. ಮೂತಿ ತಿದ್ದಿದ ಎಫ್-5 ವಿಮಾನವೊಂದು ಅದನ್ನು ಆಕಾಶದಲ್ಲಿ ಸಾಬೀತುಪಡಿಸಿದ್ದು 2003ರಲ್ಲಿ, ಕಾನ್ಕಾರ್ಡ್ ನಿವೃತ್ತಿಯಾದ ವರ್ಷವೇ.

ನಾಸಾದ ಎಕ್ಸ್-59 ಆ ಲೆಕ್ಕದ ಕೂಸು. ಸುಮಾರು 30 ಮೀಟರ್ ಉದ್ದದ ವಿಮಾನದಲ್ಲಿ ಮೂರನೆಯ ಒಂದು ಪಾಲು ಬರೀ ಮೂತಿ. ಎಂಜಿನ್ ಬೆನ್ನ ಮೇಲೆ. ಎದುರು ನೋಡಲು ಕಿಟಕಿಯಿಲ್ಲದ ಚಾಲಕ ಕ್ಯಾಮೆರಾದ ಪರದೆಯನ್ನೇ ನಂಬಬೇಕು. 2025ರ ಅಕ್ಟೋಬರ್ 28ರಂದು ಅದು ಮೊದಲ ಸಲ, ಶಬ್ದಕ್ಕಿಂತ ಕಡಿಮೆ ವೇಗದಲ್ಲಿ, ಹಾರಿತು. ಮುಂದೆ ಕೆಲವು ಊರುಗಳ ಮೇಲೆ ಹಾರಿ, ಕೇಳಿಸಿದ್ದೇನೆಂದು ನಿವಾಸಿಗಳನ್ನೇ ವಿಚಾರಿಸುವುದು, ಆ ಉತ್ತರಗಳನ್ನು ನಿಯಮ ರೂಪಿಸುವವರಿಗೆ ಒಪ್ಪಿಸುವುದು ನಾಸಾದ ಉದ್ದೇಶ.

ನಿಷೇಧವನ್ನು ತೆಗೆಯಿರೆಂದು ಅಧ್ಯಕ್ಷರ ಆದೇಶ ಹೊರಟದ್ದು ಅದೇ ವರ್ಷದ ಜೂನ್‌ನಲ್ಲಿ. ಆಗಿನ್ನೂ ಎಕ್ಸ್-59 ನೆಲ ಬಿಟ್ಟು ಏಳಿರಲಿಲ್ಲ. ಯಾವ ಊರಿನವರನ್ನೂ ಯಾರೂ ಕೇಳಿರಲಿಲ್ಲ.