ಪದಗಳ ಜಾಡು ಹಿಡಿದವರು



'ಬಾಳು' ಎಂದರೇನು ಎಂದು ಕೇಳಿದರೆ ನೀವು ತಟ್ಟನೆ 'ಜೀವನ' ಎನ್ನುತ್ತೀರಿ. ಹಳಗನ್ನಡ ಪಾಠ ಓದಿದವರು 'ಕತ್ತಿ' ಎಂದೂ ಹೇಳಿಯಾರು. ಬದುಕಿಗೂ ಕತ್ತಿಗೂ ಒಂದೇ ಪದ ಹೇಗೆ ಬಂತು?

ಮೂಲದಲ್ಲಿ ಅವು ಎರಡು ಪದಗಳು. ಕತ್ತಿ 'ಬಾಳ್', ಬದುಕು 'ಬಾೞ್'. ಈ ೞ ಅಕ್ಷರಕ್ಕೆ ರಳ ಎಂದು ಹೆಸರು. ತಮಿಳು, ಮಲಯಾಳಂಗಳಲ್ಲಿ ಅದು ಇಂದಿಗೂ ಇದೆ. ಕನ್ನಡದಲ್ಲಿ ಕ್ರಮೇಣ ಳಕಾರದಲ್ಲಿ ಸೇರಿಹೋಯಿತು. 'ಏಳು' ಎಂಬ ಧಾತುವಿಗೆ 'ಎದ್ದು', 'ಬೀಳು' ಎಂಬುದಕ್ಕೆ 'ಬಿದ್ದು' ಎಂಬ ರೂಪ ಏಕೆಂದು ನೀವು ಯೋಚಿಸಿದ್ದುಂಟೆ? 'ಬಿೞ್ದು' ಎಂಬುದು 'ಬಿರ್ದು' ಆಗಿ, ಆಮೇಲೆ 'ಬಿದ್ದು' ಆಯಿತು. ಅಳಿದ ಅಕ್ಷರದ ಗುರುತು ನಮ್ಮ ದಿನನಿತ್ಯದ ಮಾತಿನಲ್ಲೇ ಉಳಿದಿದೆ.

13ನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ರಳವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಜನ ತಪ್ಪುವ ಕಡೆಯಲ್ಲಲ್ಲವೆ ಪಟ್ಟಿ ಬೇಕಾಗುವುದು! ಆತನ ಕಾಲಕ್ಕೇ ಗೊಂದಲ ಶುರುವಾಗಿತ್ತೆಂದು ಇದರಿಂದ ಊಹಿಸಬಹುದು.

ಆ ಕಾಲದ ನಿಘಂಟುಗಳು ಇಂದಿನಂತೆ ಅಕಾರಾದಿಯಾಗಿ ಇರಲಿಲ್ಲ. 'ರನ್ನಕಂದ', ನಾಗವರ್ಮನ 'ಅಭಿಧಾನವಸ್ತುಕೋಶ', 16ನೆಯ ಶತಮಾನದ ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ', ಎಲ್ಲವೂ ಪದ್ಯದಲ್ಲಿವೆ. ಬಾಯಿಪಾಠ ಮಾಡಲು ಪದ್ಯವೇ ಸುಲಭ. ಆದರೆ ಅವು ಕವಿಗಳಿಗಾಗಿ ಹುಟ್ಟಿದವು. ಹೊಲ, ಅಡಿಗೆಮನೆಗಳ ಮಾತಿಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ.

ಆ ಜಾಗವನ್ನು ಕೊಟ್ಟವರಲ್ಲಿ ಪ್ರಮುಖರು ಜರ್ಮನಿಯ ಫರ್ಡಿನೆಂಡ್ ಕಿಟೆಲ್. 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದರು. ಅವರಿಗಿಂತ ಮೊದಲು ವಿಲಿಯಂ ರೀವ್ ಅವರ ನಿಘಂಟು ಇತ್ತು. ಆದರೆ ಕಿಟೆಲ್ ಅರ್ಥ ಹೇಳಿ ಸುಮ್ಮನಾಗಲಿಲ್ಲ. ಪದ ಯಾವ ಕೃತಿಯಲ್ಲಿದೆ ಎಂದು ಆಧಾರ ಕೊಟ್ಟರು, ಗಾದೆಗಳನ್ನು ಸೇರಿಸಿದರು, ತಮಿಳು, ತೆಲುಗು, ತುಳು, ಮಲಯಾಳಂಗಳ ಸೋದರ ಪದಗಳನ್ನು ಪಕ್ಕದಲ್ಲಿಟ್ಟರು. ಬಾಳ್, ಬಾೞ್ ಬೇರೆ ಬೇರೆ ಎಂಬುದು ಕಣ್ಣಿಗೆ ಕಾಣುವುದು ಹೀಗೆ ಹೋಲಿಸಿದಾಗಲೇ. ಸಂಸ್ಕೃತದಿಂದ ಕನ್ನಡ ಪಡೆದದ್ದಷ್ಟೇ ಅಲ್ಲ, ದ್ರಾವಿಡ ಭಾಷೆಗಳಿಂದಲೂ ಸಂಸ್ಕೃತಕ್ಕೆ ಪದಗಳು ಹೋಗಿವೆ ಎಂದು ಅವರು ವಾದಿಸಿದರು. ಅಂದಿನ ಪಂಡಿತರಲ್ಲಿ ಅನೇಕರಿಗೆ ಇದು ಸುಲಭವಾಗಿ ಒಪ್ಪುವ ಮಾತಲ್ಲ. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮುಂದೆ ಮದ್ರಾಸ್ ವಿಶ್ವವಿದ್ಯಾನಿಲಯಕ್ಕಾಗಿ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು.

ಆದರೂ ಕಿಟೆಲ್ ಅವರಿಗೆ ಸಿಕ್ಕದ ಸಾಮಗ್ರಿ ಬಹಳವಿತ್ತು. ನಾಡಿನ ಶಾಸನಗಳು ಆಗಿನ್ನೂ ಒಂದೊಂದಾಗಿ ಅಚ್ಚಾಗತೊಡಗಿದ್ದವು. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದಂತೂ ಅವರು ತೀರಿಕೊಂಡ 33 ವರ್ಷಗಳ ಬಳಿಕ, 1936ರಲ್ಲಿ. ಕಲ್ಲಿನ ಮೇಲಿನ ಈ ಪದಗಳನ್ನೂ ಸೇರಿಸಿ ಪದಪದದ ಚರಿತ್ರೆ ಬರೆಯುವ ಕೆಲಸವನ್ನು ಕನ್ನಡ ಸಾಹಿತ್ಯ ಪರಿಷತ್ತು 1940ರ ದಶಕದಲ್ಲಿ ಕೈಗೆತ್ತಿಕೊಂಡಿತು. ವಿದ್ವಾಂಸರು ಗ್ರಂಥಗಳನ್ನೂ ಶಾಸನಗಳನ್ನೂ ಓದಿ, ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ವಿಂಗಡಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ನೆನಪಿರಲಿ! ಮೊದಲ ಸಂಪುಟ 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಆರಂಭಿಸಿದವರಲ್ಲಿ ಹಲವರು ಮುಕ್ತಾಯ ಕಾಣಲಿಲ್ಲ. ಸಂಪಾದಕರಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು ಕಂಡರು; ನಿಘಂಟು ಮುಗಿದ ಮೇಲೂ ಪತ್ರಿಕೆಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂಶಯಗಳಿಗೆ ಉತ್ತರ ಬರೆಯುತ್ತಲೇ ಇದ್ದರು. 2021ರಲ್ಲಿ ಅವರು ನಿಧನರಾದಾಗ ವಯಸ್ಸು 107.

ಈ ಸಂಪುಟಗಳು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿದ್ದರೆ 'ಮಳೆ', 'ಕೋಳಿ', 'ಬಾಳೆ' ಈ ಮೂರನ್ನು ತೆಗೆದು ನೋಡಿ. ಮೂರರಲ್ಲೂ ಒಂದು ಕಾಲಕ್ಕೆ ರಳವೇ ಇತ್ತು.